ಎರಡನೇ ರೈಡರ್

ಪ್ರೊ ಕಬಡ್ಡಿಯ ಮಾತು ಬಂದರೆ ನಮ್ಮವರ ಬಾಯಲ್ಲಿ ಬರುವ ಹೆಸರುಗಳು ಹೆಚ್ಚೂಕಡಿಮೆ ಒಂದೇ. ಅನೂಪ್ ಕುಮಾರ್, ರಾಹುಲ್ ಚೌಧರಿ, ಪರ್ದೀಪ್ ನರ್ವಾಲ್, ಪವನ್ ಸೆಹ್ರಾವತ್. ನಮ್ಮ ಕಡೆಯವರ ಹೆಸರು ಹೇಳಿ ಅಂದರೆ ತರಬೇತುದಾರ ಬಿ.ಸಿ. ರಮೇಶ್ ತನಕ ಬಂದು ಮಾತು ನಿಲ್ಲುತ್ತೆ. ನಾನೇ ಸುಕೇಶ್ ಹೆಗ್ಡೆ ಅಂತ ನೆನಪಿಸಿದರೆ, "ಹೌದೌದು, ಕೇಳಿದ ಹಾಗಿದೆ, ಬೆಂಗಳೂರು ಬುಲ್ಸ್‌ನಲ್ಲಿ ಇದ್ದರಲ್ಲವಾ?" ಅನ್ನುತ್ತಾರೆ. ಇರಲಿಲ್ಲ. ಕರಾವಳಿಯ ಈ ಆಟಗಾರ ಲೀಗ್‌ನಲ್ಲಿ ಆಡಿದ್ದು ತೆಲುಗು ಟೈಟನ್ಸ್‌ಗೆ, ಗುಜರಾತಿಗೆ, ತಮಿಳ್ ತಲೈವಾಸ್‌ಗೆ, ಕೊನೆಗೆ ಬೆಂಗಾಲ್ ವಾರಿಯರ್ಸ್‌ಗೆ. ತವರಿನ ಹೆಸರಿದ್ದ ಅಂಗಿಯನ್ನು ಲೀಗ್‌ನಲ್ಲಿ ಅವರು ತೊಡಲೇ ಇಲ್ಲ.

ಅವರ ವೃತ್ತಿಜೀವನದ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಅಭಿಮಾನಕ್ಕಾಗಿ ಅಲ್ಲ. ಹೊರಗಡೆ ಹೋಗಿ ದುಡಿದವರನ್ನು ನಾವು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಅನ್ನುವ ಪ್ರಶ್ನೆ ಇದರಲ್ಲಿದೆ. ಹೊರಗೆ ಹೋದವನು ಅಲ್ಲಿ ಮೊದಲಿಗನಾದರೆ ನಮ್ಮವನು ಅಂತ ಎದೆ ತಟ್ಟಿಕೊಳ್ಳುತ್ತೇವೆ. ಎರಡನೆಯವನಾಗಿ, ಬೇರೆಯವರ ಮನೆಯ ಕೆಲಸವನ್ನು ಚೊಕ್ಕಟವಾಗಿ ಮಾಡಿದರೆ ಹೆಸರೂ ನೆನಪಿರುವುದಿಲ್ಲ. ಸುಕೇಶ್ ಹೆಗ್ಡೆ ಎರಡನೇ ಜಾತಿಯವರು. ಅವರನ್ನು ಅಂಕಪಟ್ಟಿಯ ತಲೆಯಿಂದ ಓದಿದರೆ ಸಿಗುವುದಿಲ್ಲ. ಆಟದ ಒಳಗಿನಿಂದ ಓದಬೇಕು.

ಆಟದ ಒಳಗೆ ಅಂದೆ. ಕಬಡ್ಡಿ ಎಲ್ಲರಿಗೂ ಗೊತ್ತು ಅಂತ ನಾವು ತಿಳಿದಿರುತ್ತೇವೆ, ಆದರೆ ಮಣ್ಣಿನ ಅಂಗಳದಲ್ಲಿ ನಾವು ಆಡಿದ ಆಟಕ್ಕೂ ಟಿವಿಯಲ್ಲಿ ಬರುವ ಮ್ಯಾಟ್ ಕಬಡ್ಡಿಗೂ ಲೆಕ್ಕಾಚಾರ ಬೇರೆ. ಅಂಗಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ದಾಳಿಗೆ 30 ಸೆಕೆಂಡ್. ರೈಡರ್ ಒಬ್ಬನೇ ಎದುರಾಳಿಯ ಮನೆಗೆ ಹೋಗಬೇಕು, ಅಲ್ಲಿ ಏಳು ಜನ ಕೈಕೈ ಹಿಡಿದು ಕಾಯುತ್ತಿರುತ್ತಾರೆ. ಮುಟ್ಟಬೇಕು, ಉಸಿರು ಬಿಡದೆ ಮರಳಬೇಕು. ಎರಡು ದಾಳಿ ಬರಿಗೈಯಲ್ಲಿ ಮುಗಿದರೆ ಮೂರನೆಯದು 'ಡು ಆರ್ ಡೈ': ಅಂಕ ತರಲೇಬೇಕು, ಇಲ್ಲದಿದ್ದರೆ ಔಟ್.

ಇನ್ನು ಮುಖ್ಯವಾದ ಸಂಗತಿ. ಔಟಾದವನು ಹೊರಗೆ ಬೆಂಚಿನ ಮೇಲೆ ಕೂರಬೇಕು. ಅವನ ತಂಡ ಎದುರಾಳಿಯ ಒಬ್ಬನನ್ನು ಔಟ್ ಮಾಡಿದರೆ ಮಾತ್ರ ಅವನಿಗೆ ಮತ್ತೆ ಜೀವ. ಅದೂ ಔಟಾದ ಸರದಿಯ ಪ್ರಕಾರವೇ. ಮುಖ್ಯ ರೈಡರ್ ಮೂರನೆಯವನಾಗಿ ಹೊರಗೆ ಹೋಗಿದ್ದರೆ, ಅವನಿಗಿಂತ ಮೊದಲು ಇನ್ನಿಬ್ಬರು ಒಳಗೆ ಬರಬೇಕು. ಬೋನಸ್ ಗೆರೆ ತುಳಿದು ತಂದ ಅಂಕಕ್ಕೆ ಈ ಶಕ್ತಿಯಿಲ್ಲ. ಅಂಕ ಜಮೆ ಆಗುತ್ತೆ, ಮನುಷ್ಯ ಬರುವುದಿಲ್ಲ. ಹಾಗಾದರೆ ದೊಡ್ಡ ರೈಡರ್ ಬೆಂಚಿನ ಮೇಲೆ ಕೂತಿರುವಾಗ ಅವನನ್ನು ಒಳಗೆ ಕರೆತರುವವರು ಯಾರು? ಹಿಡಿತಗಾರರು ಯಾರನ್ನಾದರೂ ಹಿಡಿಯಬೇಕು, ಇಲ್ಲವೇ ಎರಡನೇ ರೈಡರ್ ಹೋಗಿ ಮುಟ್ಟಿ ಬರಬೇಕು. ಆ ಹೊತ್ತಿಗೆ ಎದುರಾಳಿಯ ಏಳೂ ಜನ ಅಂಗಣದಲ್ಲಿರುತ್ತಾರೆ, ಹುರುಪಿನಲ್ಲಿರುತ್ತಾರೆ. ನಮ್ಮ ಕಡೆ ನಾಲ್ಕೋ ಮೂರೋ ಜನ. ಎರಡನೇ ರೈಡರ್‌ನ ಕೆಲಸ ಶುರುವಾಗುವುದೇ ಇಂಥ ಕೆಟ್ಟ ಗಳಿಗೆಯಲ್ಲಿ.

ಅಂಕಪಟ್ಟಿಯಲ್ಲಿ ಇದು ಹೇಗೆ ಕಾಣುತ್ತೆ? ದೊಡ್ಡ ರೈಡರ್ ಮರಳಿ ಬಂದು ಹತ್ತು ಅಂಕ ತಂದರೆ ಅವನ ಹೆಸರಿನ ಮುಂದೆ ಹತ್ತು. ಅವನನ್ನು ಮರಳಿ ತಂದವನ ಹೆಸರಿನ ಮುಂದೆ ಒಂದು. ಎಂ.ಕಾಂ. ಓದುವಾಗ ನಮಗೆ ವೆಚ್ಚ ಲೆಕ್ಕಶಾಸ್ತ್ರದಲ್ಲಿ ಜಂಟಿ ಉತ್ಪನ್ನದ ಒಂದು ಪಾಠ ಇತ್ತು. ಒಂದೇ ಕೆಲಸದಿಂದ ಎರಡು ಸರಕು ಹುಟ್ಟಿದಾಗ ಯಾವುದಕ್ಕೆ ಎಷ್ಟು ವೆಚ್ಚ ಹಾಕಬೇಕು ಅನ್ನುವ ತಕರಾರು ಅದು. ಕಬಡ್ಡಿಯ ಲೆಕ್ಕದಲ್ಲಿ ಆ ತಕರಾರೇ ಇಲ್ಲ, ಎಲ್ಲವೂ ಕೊನೆಗೆ ಮುಟ್ಟಿದವನ ಖಾತೆಗೆ.

ನಾನು ಈ ಆಟವನ್ನು ಹೀಗೆ ಗಮನಿಸಲು ಕಲಿತಿದ್ದು ವಿಜಯವಾಡದಲ್ಲಿ. ಬ್ಯಾಂಕಿನ ವರ್ಗಾವಣೆಯ ಮೇಲೆ ಅಲ್ಲಿದ್ದ ವರ್ಷಗಳಲ್ಲಿ ನಮ್ಮ ಬಾಡಿಗೆ ಮನೆ ಭವಾನಿಪುರಂನಲ್ಲಿತ್ತು. ಕೃಷ್ಣಾ ನದಿಯ ದಂಡೆ, ಪ್ರಕಾಶಂ ಬ್ಯಾರೇಜಿನ ಮೇಲ್ಗಡೆ. ಒಂದು ಕಡೆ ದುರ್ಗಮ್ಮನ ಇಂದ್ರಕೀಲಾದ್ರಿ, ಎದುರಿಗೆ ನದಿಯ ನಡುವೆ ಭವಾನಿ ದ್ವೀಪ. ದಸರೆ ಬಂತೆಂದರೆ ಕೆಂಪು ಬಟ್ಟೆ ತೊಟ್ಟ ಭವಾನಿ ಭಕ್ತರು ರಸ್ತೆ ತುಂಬ. ಆ ಊರಲ್ಲಿ ಕಬಡ್ಡಿಗೆ ಹಳಬರು ಚೆಡುಗುಡು ಅನ್ನುತ್ತಾರೆ. ನಮ್ಮ ಮನೆ ಮಾಲೀಕರ ಮಹಡಿಯಲ್ಲಿ ಸಂಜೆ ಟಿವಿ ಮುಂದೆ ಏಳೆಂಟು ಜನ ಸೇರುತ್ತಿದ್ದರು, ಟೈಟನ್ಸ್ ಆಟ ಇದ್ದ ದಿನ ನನಗೂ ಕರೆ ಬರುತ್ತಿತ್ತು. ರಾಹುಲ್ ಚೌಧರಿ ದಾಳಿಗೆ ಹೊರಟರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಸುಕೇಶ್ ಹೊರಟರೆ ಮಾಲೀಕರು ನನ್ನ ಕಡೆ ತಿರುಗಿ, "ಮೇನೇಜರ್ ಗಾರೂ, ಮೀವಾಡೇ ಕದಂಡೀ" ಅನ್ನುತ್ತಿದ್ದರು. ನಿಮ್ಮವನೇ ಅಲ್ಲವೇ ಅಂತ. ಅದರಲ್ಲಿ ಕೊಂಕು ಇರಲಿಲ್ಲ, ಅತಿಥಿಗೆ ಮಾಡುವ ಉಪಚಾರ ಇತ್ತು. ಆದರೆ ರಾಹುಲ್ ಉತ್ತರ ಪ್ರದೇಶದ ಬಿಜನೌರ್ ಕಡೆಯವರು. ಅವರೂ ಆಂಧ್ರದವರಲ್ಲ, ಆದರೂ ಅವರನ್ನು ಆ ಮಹಡಿಯ ಮೇಲೆ ಯಾರೂ "ಅವರ ಕಡೆಯವನು" ಅನ್ನಲಿಲ್ಲ. ಹತ್ತು ಅಂಕ ತರುವವನು ಎಲ್ಲಿಂದ ಬಂದರೂ ಊರಿನವನು. ಎರಡು ಮೂರು ಅಂಕ ತರುವವನಿಗೆ ಮಾತ್ರ ಹುಟ್ಟೂರು ಅಂಟಿಕೊಂಡಿರುತ್ತೆ. ಪರಸ್ಥಳದಲ್ಲಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೀಗ್ ಶುರುವಾದದ್ದು 2014ರ ಜುಲೈನಲ್ಲಿ, ಎಂಟು ತಂಡಗಳೊಂದಿಗೆ. ಟೈಟನ್ಸ್‌ಗೆ ಆ ವರ್ಷ ವಿಶಾಖಪಟ್ಟಣವೇ ಮನೆ. 2016ರ ಜನವರಿ 30ರಂದು ಮೂರನೇ ಆವೃತ್ತಿ ಆರಂಭವಾದದ್ದೂ ವಿಶಾಖಪಟ್ಟಣದ ರಾಜೀವ್ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲೇ. ನಡುವೆ ಹೈದರಾಬಾದಿನ ಗಚ್ಚಿಬೌಲಿ. ತಂಡದ ಹೆಸರಿನಲ್ಲಿ ಊರಿಲ್ಲ, ಭಾಷೆಯಿದೆ. ಅದೇ 2014ರಲ್ಲಿ ರಾಜ್ಯ ಎರಡಾಗಿತ್ತು, ಹಾಗಾಗಿ ಭಾಷೆಯ ಹೆಸರಿಟ್ಟದ್ದು ಜಾಣತನವೇ. ಈ ತಂಡದಲ್ಲಿ ಸುಕೇಶ್ ಮೊದಲ ನಾಲ್ಕು ಆವೃತ್ತಿ ಆಡಿದರು.

ಆ ನಾಲ್ಕು ಆವೃತ್ತಿ ರಾಹುಲ್ ಚೌಧರಿಯವರ ಕಾಲ. ಮೊದಲ ಆವೃತ್ತಿಯಲ್ಲಿ ದಾಳಿಯ ಅಂಕದಲ್ಲಿ ಅನೂಪ್ ಕುಮಾರ್ ನಂತರ ಅವರೇ. 2016ರ ನಾಲ್ಕನೇ ಆವೃತ್ತಿಯಲ್ಲಿ ಎಲ್ಲರಿಗಿಂತ ಮೇಲೆ. ಓಡುತ್ತಲೇ ಕೈ ಚಾಚಿ ಮುಟ್ಟುವುದು ಅವರ ವಿಶೇಷ. ಎತ್ತರದ ಆಳು, ಕೈಯೂ ಉದ್ದ, ಮುಟ್ಟಿದ್ದು ಹಿಡಿತಗಾರನಿಗೆ ಗೊತ್ತಾಗುವ ಹೊತ್ತಿಗೆ ಗೆರೆಯ ಆಚೆ. ನೋಡಲು ಚಂದ. ಅವರ ಪಕ್ಕದಲ್ಲಿ ಸುಕೇಶ್ ಆಡಿದ್ದು ಬೇರೆ ಬಗೆಯ ಆಟ. ನಾನು ಕಂಡಂತೆ ಅವರದು ಆತುರವಿಲ್ಲದ ದಾಳಿ. ಗಡಿಯಾರ ನೋಡಿಕೊಂಡು, ಹಿಡಿತಗಾರರ ಸರಪಳಿ ಎಲ್ಲಿ ಸಡಿಲ ಅಂತ ಅಳೆದುಕೊಂಡು, ಸಿಕ್ಕರೆ ಒಂದು ತಂದು, ಸಿಗದಿದ್ದರೆ ಸುಮ್ಮನೆ ಮರಳಿ ಬರುವುದು. ಬರಿಗೈಯಲ್ಲಿ ಬಂದ ದಾಳಿಗೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಆದರೆ ಮುನ್ನಡೆಯಲ್ಲಿರುವ ತಂಡಕ್ಕೆ ಆ 30 ಸೆಕೆಂಡ್ ಅಂಕದಷ್ಟೇ ಬೆಲೆ, ಹಿಂದೆ ಬಿದ್ದ ತಂಡಕ್ಕೆ ಔಟಾಗದೆ ಬಂದ ಆಳು ಅಂಕದಷ್ಟೇ ಬೆಲೆ.

2015ರ ಸೆಮಿಫೈನಲ್ ಬಗ್ಗೆ ಹೇಳಲೇಬೇಕು. ಟೈಟನ್ಸ್ ಎದುರು ಬೆಂಗಳೂರು ಬುಲ್ಸ್. ಬುಲ್ಸ್ 39, ಟೈಟನ್ಸ್ 38. ಒಂದೇ ಅಂಕ. ಬೆಂಗಳೂರಿನ ಅಂಗಿ ತೊಟ್ಟವರ ನಾಯಕ ಉತ್ತರದ ಮಂಜೀತ್ ಛಿಲ್ಲರ್, ಹೆಸರಾಂತ ರೈಡರ್ ಹಿಮಾಚಲದ ಅಜಯ್ ಠಾಕೂರ್. ಎದುರು ತಂಡದಲ್ಲಿ ನಮ್ಮ ಕರಾವಳಿಯ ಸುಕೇಶ್. ಭವಾನಿಪುರಂನ ಮಹಡಿಯಲ್ಲಿ ಕೂತ ಕನ್ನಡಿಗ ಯಾರ ಕಡೆ? ನಾನು ಊರಿನ ಹೆಸರಿನ ಕಡೆಗೂ ಹೋಗದೆ, ಆಟಗಾರನ ಕಡೆಗೂ ಬಾಯಿ ಬಿಡದೆ ಕೂತೆ. ಮರುದಿನ ಊರಿನಿಂದ ತಮ್ಮ ಫೋನ್ ಮಾಡಿ, "ನಾವು ಗೆದ್ವಿ ಅಣ್ಣ" ಅಂದ. ಯಾವ ನಾವು ಅಂತ ಕೇಳಬೇಕೆನ್ನಿಸಿತು, ಕೇಳಲಿಲ್ಲ. ಟೈಟನ್ಸ್ ಪಟ್ನಾವನ್ನು ಸೋಲಿಸಿ ಆ ಆವೃತ್ತಿಯಲ್ಲಿ ಮೂರನೇ ಸ್ಥಾನ ಪಡೆಯಿತು. ಸುಕೇಶ್ ಇದ್ದ ನಾಲ್ಕು ಆವೃತ್ತಿಗಳಲ್ಲಿ ಅದೇ ತಂಡದ ಅತ್ಯುತ್ತಮ ಸಾಧನೆ.

ನನ್ನ ತಂಗಿಯ ಮಗ ಅಮೆರಿಕದ ಡೆಟ್ರಾಯಿಟ್ ಕಡೆ ಇದ್ದಾನೆ. ಅವನಿಂದಾಗಿ ಅಲ್ಲಿಯವರ ಫುಟ್‌ಬಾಲ್ ಬಗ್ಗೆ ಸ್ವಲ್ಪ ತಿಳಿದುಕೊಂಡೆ. ಹೆಸರು ಫುಟ್‌ಬಾಲ್, ಆದರೆ ಚೆಂಡನ್ನು ಕೈಯಲ್ಲಿ ಹಿಡಿದೇ ಓಡುವುದು. ತಂಡಕ್ಕೆ ಹನ್ನೊಂದು ಜನ. ಚೆಂಡು ಅವುಚಿಕೊಂಡು ಎದುರಾಳಿಗಳ ಗೋಡೆಯನ್ನು ಸೀಳಿಕೊಂಡು ಹೋಗುವವನಿಗೆ ರನ್ನಿಂಗ್ ಬ್ಯಾಕ್ ಅನ್ನುತ್ತಾರೆ. ನಮ್ಮ ರೈಡರ್‌ಗೆ ಹತ್ತಿರದ ನೆಂಟ. ವ್ಯತ್ಯಾಸ ಅಂದರೆ ಅವನು ಮರಳಿ ಬರಬೇಕಾಗಿಲ್ಲ, ಎಷ್ಟು ಗಜ ಮುಂದೆ ಹೋದ ಅನ್ನುವುದೇ ಲೆಕ್ಕ. ಡೆಟ್ರಾಯಿಟ್‌ನ ಬ್ಯಾರಿ ಸ್ಯಾಂಡರ್ಸ್ 1989ರಿಂದ 1998ರ ತನಕ ಹತ್ತು ಆವೃತ್ತಿಗಳಲ್ಲಿ 15,269 ಗಜ ಓಡಿದರು. ವಾಲ್ಟರ್ ಪೇಟನ್ ಅವರ ದಾಖಲೆಗೆ 1,457 ಗಜವಷ್ಟೇ ಬಾಕಿ. ಆದರೂ 1999ರ ಜುಲೈನಲ್ಲಿ ಸಾಕು ಅಂತ ನಿಲ್ಲಿಸಿಬಿಟ್ಟರು. ನಿವೃತ್ತಿಯ ಪತ್ರವನ್ನು ಫ್ಯಾಕ್ಸ್ ಮಾಡಿದ್ದು ತಮ್ಮ ಹುಟ್ಟೂರು ವಿಚಿಟಾದ ಪತ್ರಿಕೆಗೆ. ಅವರು ಆಡಿದ ಹತ್ತು ವರ್ಷಗಳಲ್ಲಿ ಆ ತಂಡ ಗೆದ್ದ ನಾಕೌಟ್ ಪಂದ್ಯ ಒಂದೇ ಒಂದು.

ಅದೇ ಕಾಲದಲ್ಲಿ ಡಲ್ಲಾಸ್ ತಂಡದ ಎಮಿಟ್ ಸ್ಮಿತ್ ಮೂರು ಬಾರಿ ಚಾಂಪಿಯನ್ ಆದರು, ಮುಂದೆ ಪೇಟನ್ ದಾಖಲೆಯನ್ನೂ ಮುರಿದರು. ಅವರ ಮುಂದೆ ಓಡಿ, ಎದುರಿಗೆ ಬಂದವರನ್ನು ತಳ್ಳಿ ದಾರಿ ಮಾಡಿಕೊಡುತ್ತಿದ್ದವರು ಡ್ಯಾರಿಲ್ ಜಾನ್‌ಸ್ಟನ್ ಎಂಬ ಫುಲ್‌ಬ್ಯಾಕ್. ಅವರಿಗೆ ಚೆಂಡು ಸಿಗುತ್ತಿದ್ದದ್ದೇ ಕಡಿಮೆ. 2010ರಲ್ಲಿ ಹಾಲ್ ಆಫ್ ಫೇಮ್ ಗೌರವ ಸ್ವೀಕರಿಸುವಾಗ ಸ್ಮಿತ್ ಎಲ್ಲರ ಮುಂದೆ ಕಣ್ಣೀರಿಟ್ಟು ಜಾನ್‌ಸ್ಟನ್ ಅವರಿಗೆ ವಂದನೆ ಹೇಳಿದರು. ಸ್ಯಾಂಡರ್ಸ್ ದೊಡ್ಡವರೋ ಸ್ಮಿತ್ ದೊಡ್ಡವರೋ ಅಂತ ಅಲ್ಲಿನವರು ಇನ್ನೂ ವಾದ ಮಾಡುತ್ತಾರಂತೆ. ನನಗೆ ಮುಖ್ಯವೆನಿಸಿದ್ದು ದಾರಿ ಮಾಡಿಕೊಟ್ಟವನ ಹೆಸರನ್ನು ಓಡಿದವನೇ ಹೇಳಿದ್ದು. ನಮ್ಮ ಕಬಡ್ಡಿ ವಿಮರ್ಶೆಯಲ್ಲಿ ಆ ಮಾತು ಇನ್ನೂ ಬಂದಿಲ್ಲ.

ಹಾಗಂತ ಸುಕೇಶ್ ಅವರ ವೃತ್ತಿಜೀವನವನ್ನು ಬರೀ ಹೊಗಳಿ ಮುಗಿಸುವಂತಿಲ್ಲ. 2017ರಲ್ಲಿ ಲೀಗ್ ಹನ್ನೆರಡು ತಂಡಗಳಿಗೆ ಬೆಳೆಯಿತು. ಹರಾಜಿನಲ್ಲಿ ನಿತಿನ್ ತೋಮರ್ 93 ಲಕ್ಷಕ್ಕೆ ಹೋದ ವರ್ಷ ಅದು. ಹೊಸ ತಂಡ ಗುಜರಾತ್ ಸುಕೇಶ್ ಅವರನ್ನು ಕೊಂಡು ನಾಯಕನನ್ನಾಗಿ ಮಾಡಿತು. ಹೊಸಬರ ತಂಡ, ಸಚಿನ್ ತಂವರ್ ಅವರಂಥ ಹುಡುಗ ರೈಡರ್‌ಗಳು, ಹಿಂದೆ ಇರಾನಿನ ಫಜಲ್ ಅತ್ರಾಚಲಿ. ಅದು ತನ್ನ ವಲಯದಲ್ಲಿ ಮೊದಲ ಸ್ಥಾನ ಗಳಿಸಿ ನೇರ ಫೈನಲ್ ತನಕ ಹೋಯಿತು. ನಾಯಕನಾಗಿ ಇದು ದೊಡ್ಡ ಸಾಧನೆ. ಆದರೆ ಆ ಆವೃತ್ತಿಯಲ್ಲಿ ದಾಳಿಯ ಭಾರ ಹುಡುಗರ ಹೆಗಲಿಗೆ ಹೋಯಿತು, ನಾಯಕನ ದಾಳಿ ಹಿಂದೆ ಸರಿಯಿತು. ಅಕ್ಟೋಬರ್ 28ರಂದು ಚೆನ್ನೈನಲ್ಲಿ ಫೈನಲ್. ಪಟ್ನಾ 55, ಗುಜರಾತ್ 38. ಪರ್ದೀಪ್ ನರ್ವಾಲ್ ಆ ವರ್ಷ ಯಾರ ಕೈಗೂ ಸಿಗುವ ಸ್ಥಿತಿಯಲ್ಲಿರಲಿಲ್ಲ. ಆದರೂ ಅಂಥ ಸಂಜೆ ನಾಯಕನೇ ನಾಲ್ಕು ದಾಳಿ ಎತ್ತಿಕೊಂಡು ಆಟದ ವೇಗ ಮುರಿಯಬೇಕಿತ್ತು ಅನ್ನುವುದು ನನ್ನ ಆಕ್ಷೇಪ. ಗಡಿಯಾರ ಕೊಲ್ಲುವುದನ್ನು ಚೆನ್ನಾಗಿ ಬಲ್ಲವರು ಅವರು. ಆ ವಿದ್ಯೆ ಬೇಕಾಗಿದ್ದ ದಿನ ತಂಡ ಪಟ್ನಾದ ವೇಗಕ್ಕೇ ಕುಣಿಯಿತು.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಒಂದೇ ಪಂದ್ಯವನ್ನು ಒಬ್ಬರೇ ತಿರುಗಿಸಿಬಿಡುವ ಹುಚ್ಚು ಅವರ ಆಟದಲ್ಲಿ ಅಪರೂಪ. ಪರ್ದೀಪ್ ಅವರ ಡುಬ್ಕಿಯನ್ನೋ ಪವನ್ ಅವರ ಜಿಗಿತವನ್ನೋ ನೋಡಲು ಜನ ಟಿಕೆಟ್ ತೆಗೆದುಕೊಳ್ಳುತ್ತಾರೆ, ಸುಕೇಶ್ ಅವರನ್ನೇ ನೋಡಲು ಯಾರೂ ತೆಗೆದುಕೊಂಡಿರಲಾರರು. 2018ರಲ್ಲಿ ತಮಿಳ್ ತಲೈವಾಸ್‌ಗೆ ಹೋದಾಗ ಅಲ್ಲಿ ಅಜಯ್ ಠಾಕೂರ್ ನಾಯಕ, ಮತ್ತೆ ಎರಡನೇ ಸ್ಥಾನ. ತಂಡ ವಲಯದ ತಳದಲ್ಲಿ ಮುಗಿಸಿತು. ಬಹಳ ಹೇಳುವಂಥದ್ದೇನೂ ಇಲ್ಲ. ಅದೇ ಆವೃತ್ತಿಯಲ್ಲಿ ಬೆಂಗಳೂರು ಬುಲ್ಸ್ ಮೊದಲ ಸಲ ಚಾಂಪಿಯನ್ ಆಯಿತು. 2019ರ ಜನವರಿ 5ರ ಫೈನಲ್‌ನಲ್ಲಿ ಪವನ್ 22 ಅಂಕ ತಂದರು. ಊರೆಲ್ಲ ಸಂಭ್ರಮ. ಆ ಸಂಭ್ರಮದಲ್ಲಿ ಸುಕೇಶ್ ಹೆಸರು ಎಲ್ಲೂ ಬರುವ ಕಾರಣವಿರಲಿಲ್ಲ, ಬರಲೂ ಇಲ್ಲ.

ಆಮೇಲೆ ಬಂತು 2019ರ ಏಳನೇ ಆವೃತ್ತಿ. ಈ ವೃತ್ತಿಜೀವನವನ್ನು ಓದಬೇಕಾದದ್ದು ಇಲ್ಲಿ. ಬೆಂಗಾಲ್ ವಾರಿಯರ್ಸ್‌ನ ತರಬೇತುದಾರ ಬಿ.ಸಿ. ರಮೇಶ್. ಹಿಂದಿನ ವರ್ಷ ಬುಲ್ಸ್ ಗೆದ್ದಾಗಲೂ ತರಬೇತಿ ಬಳಗದಲ್ಲಿ ಇದ್ದವರು, ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಮುಖ್ಯ ರೈಡರ್ ಮತ್ತು ನಾಯಕ ಮಣಿಂದರ್ ಸಿಂಗ್. ಮಣಿಂದರ್ ಇಡೀ ಆವೃತ್ತಿ ತಂಡವನ್ನು ಹೊತ್ತು ತಂದು, ಕೊನೆಯ ಹಂತದಲ್ಲಿ ಗಾಯಗೊಂಡರು. ಅಕ್ಟೋಬರ್ 19ರಂದು ಅಹಮದಾಬಾದಿನಲ್ಲಿ ಫೈನಲ್, ಎದುರಿಗೆ ದಬಾಂಗ್ ಡೆಲ್ಲಿ, ಡೆಲ್ಲಿಯಲ್ಲಿ ನವೀನ್ ಕುಮಾರ್. ಬೆಂಗಾಲ್‌ಗೆ ಮುಖ್ಯ ರೈಡರ್ ಇಲ್ಲ.

ನಾನು ಮೊದಲು ವಿವರಿಸಿದ ಕೆಟ್ಟ ಗಳಿಗೆಯ ದೊಡ್ಡ ರೂಪ ಇದು. ಮುಖ್ಯ ರೈಡರ್ ಹತ್ತು ನಿಮಿಷಕ್ಕಲ್ಲ, ಇಡೀ ಫೈನಲ್‌ಗೇ ಹೊರಗೆ ಕೂತಿದ್ದಾನೆ. ಒಂಟಿ ಕಂಬದ ಮನೆಯಾಗಿದ್ದರೆ ಅಲ್ಲಿಗೇ ಕುಸಿಯಬೇಕಿತ್ತು. ಆರಂಭದಲ್ಲಿ ಡೆಲ್ಲಿ ಮುಂದೆ ಹೋಯಿತು. ನವೀನ್ ಒಬ್ಬರೇ 18 ಅಂಕ ತಂದರು. ಆದರೂ ಪಂದ್ಯ ಮುಗಿದಾಗ ಬೆಂಗಾಲ್ 39, ಡೆಲ್ಲಿ 34. ಇರಾನಿನ ಆಲ್‌ರೌಂಡರ್ ಮಹಮ್ಮದ್ ನಬಿಬಕ್ಷ್ 10 ಅಂಕ, ಸುಕೇಶ್ ಹೆಗ್ಡೆ 8. ಒಬ್ಬರ 18ಕ್ಕೆ ಇಬ್ಬರ 18 ಉತ್ತರ. ಉಳಿದ ಕೆಲಸ ಹಿಡಿತಗಾರರದು.

ಆ ಎಂಟು ಅಂಕ ಲೀಗ್‌ನ ಅಂಕಪಟ್ಟಿಯಲ್ಲಿ ಏನೂ ಅಲ್ಲ. ರೈಡರ್ ಹತ್ತು ಅಂಕ ತಂದರೆ 'ಸೂಪರ್ ಟೆನ್' ಅನ್ನುತ್ತಾರೆ, ಎಂಟಕ್ಕೆ ಹೆಸರೇ ಇಲ್ಲ. ಆದರೆ ಆ ಎಂಟು ಬಂದಾಗಲೆಲ್ಲ ಎದುರಿನವರಲ್ಲಿ ಒಬ್ಬ ಕಡಿಮೆಯಾಗಬೇಕು, ಅಥವಾ ನಮ್ಮ ಮೇಲಿನ ಒತ್ತಡ ಇಳಿಯಬೇಕು ಅನ್ನುವ ಸ್ಥಿತಿಯಲ್ಲಿ ಬಂದವು. ಐದು ವರ್ಷ ರಾಹುಲ್ ಚೌಧರಿ, ಸಚಿನ್, ಅಜಯ್ ಠಾಕೂರ್ ಪಕ್ಕದಲ್ಲಿ ನಿಂತು ಕಲಿತದ್ದೆಲ್ಲ ಒಂದು ಸಂಜೆಯ ನಲವತ್ತು ನಿಮಿಷಕ್ಕೆ ಉಪಯೋಗಕ್ಕೆ ಬಂತು. ಬಂಗಾಳದ ಹೆಸರಿನ ತಂಡ, ಗುಜರಾತಿನ ನೆಲ, ಇರಾನಿನ ಜೊತೆಗಾರ, ಬದಿಯಲ್ಲಿ ಕೂಗಿ ಹೇಳುತ್ತಿದ್ದ ಕನ್ನಡದ ತರಬೇತುದಾರ. ಬೆಂಗಾಲ್‌ಗೆ ಅದೇ ಮೊದಲ ಪ್ರಶಸ್ತಿ. ಅದರಲ್ಲಿ ಇಬ್ಬರು ಕನ್ನಡಿಗರ ಪಾಲು ಎಷ್ಟು ಅನ್ನುವುದನ್ನು ನಮ್ಮಲ್ಲಿ ಎಷ್ಟು ಜನ ಗಮನಿಸಿದರು?

ಈಗ ಮೊದಲ ರೈಡರ್ ಕಥೆಗೆ ಬರೋಣ, ಹೋಲಿಕೆ ಇಲ್ಲದೆ ವಿಮರ್ಶೆ ಪೂರ್ತಿಯಾಗುವುದಿಲ್ಲ. ರಾಹುಲ್ ಚೌಧರಿ ಆರು ಆವೃತ್ತಿ ಟೈಟನ್ಸ್‌ನಲ್ಲೇ ಇದ್ದರು. ಲೀಗ್‌ನಲ್ಲಿ 500 ದಾಳಿ ಅಂಕ ಮುಟ್ಟಿದವರಲ್ಲಿ ಮೊದಲಿಗರು, ಕೊನೆಗೆ ಒಟ್ಟು ಸಾವಿರ ದಾಟಿದರು. ತಂಡ ಮಾತ್ರ ಫೈನಲ್ ಕಾಣಲಿಲ್ಲ. 2018ರಲ್ಲಿ ಅವರ ಬೆಲೆ 1 ಕೋಟಿ 29 ಲಕ್ಷ. 2019ರಲ್ಲಿ ತಮಿಳ್ ತಲೈವಾಸ್ 94 ಲಕ್ಷಕ್ಕೆ ಕೊಂಡಿತು. ಅಜಯ್ ಠಾಕೂರ್, ಮಂಜೀತ್ ಛಿಲ್ಲರ್, ರಾಹುಲ್ ಮೂವರೂ ಇದ್ದ ಆ ತಂಡ ಕೊನೆಯ ಸ್ಥಾನ ಪಡೆಯಿತು. 2021ರಲ್ಲಿ ಪುಣೇರಿ ಪಲ್ಟನ್‌ಗೆ 40 ಲಕ್ಷ. ಅಲ್ಲಿ ತರಬೇತುದಾರ ಹಳೆಯ ಪ್ರತಿಸ್ಪರ್ಧಿ ಅನೂಪ್ ಕುಮಾರ್, ಮುಂದೆ ಬಂದದ್ದು ಅಸ್ಲಂ ಇನಾಂದಾರ್, ಮೋಹಿತ್ ಗೋಯತ್ ಎಂಬ ಹುಡುಗರು. 2022ರಲ್ಲಿ ಜೈಪುರ 10 ಲಕ್ಷಕ್ಕೆ ತೆಗೆದುಕೊಂಡಿತು. ಆ ಡಿಸೆಂಬರ್ 17ರಂದು ಜೈಪುರ ಚಾಂಪಿಯನ್ ಆಯಿತು. ಅಲ್ಲಿ ಮುಖ್ಯ ರೈಡರ್ ಅರ್ಜುನ್ ದೇಶ್ವಾಲ್. ರಾಹುಲ್ ಪಕ್ಕದವರು.

ಬ್ಯಾಂಕಿನಲ್ಲಿ ಇದನ್ನು ಸವಕಳಿ ಅನ್ನುತ್ತೇವೆ. ಒಂದು ಕೋಟಿ 29 ಲಕ್ಷದ ಆಸ್ತಿ ನಾಲ್ಕು ವರ್ಷದಲ್ಲಿ ಹತ್ತು ಲಕ್ಷಕ್ಕೆ ಇಳಿಯಿತು ಅಂತ ಲೆಕ್ಕಪುಸ್ತಕ ಹೇಳುತ್ತೆ. ಆದರೆ ಪ್ರಶಸ್ತಿ ಬಂದದ್ದು ಹತ್ತು ಲಕ್ಷದ ವರ್ಷದಲ್ಲಿ. ಅಂದರೆ ರಾಹುಲ್ ಕೂಡ ಕೊನೆಗೆ ಎರಡನೆಯವರಾದ ಮೇಲೆಯೇ ಗೆದ್ದರು. ಲೆಕ್ಕಪುಸ್ತಕ ಸುಳ್ಳು ಹೇಳುವುದಿಲ್ಲ, ಆದರೆ ಅದು ಒಬ್ಬೊಬ್ಬನ ಬೆಲೆಯನ್ನಷ್ಟೇ ಬಲ್ಲದು, ಪಕ್ಕದಲ್ಲಿ ಇನ್ನೊಬ್ಬ ಇದ್ದಾನೆಯೇ ಅನ್ನುವುದನ್ನು ಅಲ್ಲ. ರಾಹುಲ್ ಹೋದ ಮೇಲೂ ಟೈಟನ್ಸ್ ಈ ಪಾಠ ಕಲಿಯಲಿಲ್ಲ. 2021–22, 2022, 2023–24, ಈ ಮೂರು ಆವೃತ್ತಿಗಳಲ್ಲಿ 66 ಲೀಗ್ ಪಂದ್ಯ ಆಡಿ ಗೆದ್ದದ್ದು ಐದೇ ಐದು. ಕೊನೆಯ ಆವೃತ್ತಿಯಲ್ಲಿ ಪವನ್ ಸೆಹ್ರಾವತ್ ಅವರಿಗೆ 2 ಕೋಟಿ 60 ಲಕ್ಷಕ್ಕೂ ಹೆಚ್ಚು ಕೊಟ್ಟಿದ್ದರು. ಅದೇ ಆವೃತ್ತಿಯಲ್ಲಿ ಒಬ್ಬ ದೊಡ್ಡ ರೈಡರ್ ಮೇಲೆ ನಿಲ್ಲದ, ಮೂರು ನಾಲ್ಕು ಹುಡುಗರಿಗೆ ದಾಳಿ ಹಂಚಿದ ಪುಣೇರಿ ಪಲ್ಟನ್ ಚಾಂಪಿಯನ್ ಆಯಿತು. ಅದರ ತರಬೇತುದಾರ ಮತ್ತೆ ಬಿ.ಸಿ. ರಮೇಶ್. ಫೈನಲ್ ನಡೆದದ್ದು 2024ರ ಮಾರ್ಚ್ 1ರಂದು, ಟೈಟನ್ಸ್ ಮನೆಯಂಗಳವಾದ ಹೈದರಾಬಾದಿನಲ್ಲೇ.

ಹಳೆಯ ಕಾಲದ ಮಾತನ್ನೂ ಸೇರಿಸುತ್ತೇನೆ. ಲೀಗ್ ಬರುವ ಮೊದಲು ಕಬಡ್ಡಿ ಆಟಗಾರನ ವೃತ್ತಿ ಅಂದರೆ ನೌಕರಿ. ರೈಲ್ವೆ, ಪೊಲೀಸ್, ಸೇನೆ, ಬ್ಯಾಂಕು. ನಮ್ಮ ಕಡೆ ವಿಜಯಾ ಬ್ಯಾಂಕಿನ ಕಬಡ್ಡಿ ತಂಡ ದೇಶದಲ್ಲೇ ಹೆಸರಾಗಿತ್ತು. ಕ್ರೀಡಾ ಕೋಟಾದಲ್ಲಿ ಬಂದ ಹುಡುಗ ಬೆಳಿಗ್ಗೆ ಅಭ್ಯಾಸ ಮುಗಿಸಿ ಕೌಂಟರಿಗೆ ಬರುತ್ತಿದ್ದ, ಮೊಣಕಾಲು ಹೋದ ಮೇಲೆ ಪೂರ್ತಿ ಗುಮಾಸ್ತನಾಗುತ್ತಿದ್ದ, ಅರವತ್ತಕ್ಕೆ ನಿವೃತ್ತನಾಗುತ್ತಿದ್ದ. ಅಲ್ಲಿ ಮೊದಲ ರೈಡರ್‌ಗೂ ಎರಡನೇ ರೈಡರ್‌ಗೂ ಒಂದೇ ಸಂಬಳ ಶ್ರೇಣಿ. ಹಣ ಕಡಿಮೆ, ಮರ್ಯಾದೆ ಸಮಾನ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹರಾಜು ಬಂದು ಆಟಗಾರರ ಕೈಗೆ ಹಣ ಬಂದದ್ದು ಒಳ್ಳೆಯದೇ, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಹರಾಜಿನ ಬೆಲೆಯನ್ನೇ ಆಟಗಾರನ ಯೋಗ್ಯತೆ ಅಂತ ಓದುವ ಅಭ್ಯಾಸವೂ ಜೊತೆಗೇ ಬಂತು. ವೀಕ್ಷಕ ವಿವರಣೆಯಲ್ಲಿ ರೈಡರ್ ಹೆಸರಿಗಿಂತ ಮೊದಲು ಅವನ ಬೆಲೆ ಬರುತ್ತೆ.

ನೀವು ಕೇಳಬಹುದು, ಕನ್ನಡಿಗ ಅನ್ನುವ ಕಾರಣಕ್ಕೆ ಒಬ್ಬ ಸಾಧಾರಣ ಆಟಗಾರನನ್ನು ಎತ್ತಿ ಹಿಡಿಯುತ್ತಿದ್ದೀರಲ್ಲ, ಅಂತ. ಸಾಧಾರಣ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಎರಡು ಬೇರೆ ಬೇರೆ ತಂಡಗಳ ಜೊತೆ ಫೈನಲ್, ಒಂದರಲ್ಲಿ ನಾಯಕ, ಇನ್ನೊಂದರಲ್ಲಿ ಚಾಂಪಿಯನ್. ಇದು ಸಾಧಾರಣ ಲೆಕ್ಕ ಅಲ್ಲ. ಕನ್ನಡಿಗ ಅನ್ನುವ ಮಾತಿಗೆ ಬಂದರೆ, ನನ್ನ ತಕರಾರು ಆಟಗಾರರ ಬಗ್ಗೆ ಅಲ್ಲ, ನಮ್ಮ ನೋಟದ ಬಗ್ಗೆ. ದಕ್ಷಿಣ ಕನ್ನಡದ ಪ್ರಶಾಂತ್ ಕುಮಾರ್ ರೈ 2021–22ರಲ್ಲಿ ಪಟ್ನಾ ತಂಡದ ನಾಯಕರಾಗಿ ಫೈನಲ್ ತನಕ ಹೋಗಿ, ಡೆಲ್ಲಿ ಎದುರು 36–37ರಲ್ಲಿ ಒಂದೇ ಅಂಕದಿಂದ ಸೋತರು. ಕೋವಿಡ್ ಕಾರಣಕ್ಕೆ ಆ ಆವೃತ್ತಿಯ ಎಲ್ಲ ಪಂದ್ಯಗಳೂ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲೇ, ಪ್ರೇಕ್ಷಕರಿಲ್ಲದೆ ನಡೆದಿದ್ದವು. ನಮ್ಮ ನೆಲದಲ್ಲೇ, ನಮ್ಮ ಜಿಲ್ಲೆಯ ಒಬ್ಬರು ಬಿಹಾರದ ತಂಡವನ್ನು ಮುನ್ನಡೆಸಿದ್ದನ್ನು ನಾವು ಖಾಲಿ ಕುರ್ಚಿಗಳಿಗೆ ಬಿಟ್ಟುಕೊಟ್ಟೆವು. ಟಿವಿಯಲ್ಲಿ ನೋಡಿದವರೂ ಬುಲ್ಸ್ ಹೊರಬಿದ್ದ ಮೇಲೆ ನೋಡುವುದನ್ನು ಬಿಟ್ಟರು.

ಕಬಡ್ಡಿಯಲ್ಲಿ ಹೋಗಿ ಬರುವುದು ಎರಡೂ ಸೇರಿದರೆ ಮಾತ್ರ ದಾಳಿ. ಆಟದ ಭಾಷೆಯನ್ನು ಬದುಕಿಗೆ ಎಳೆದು ತಂದು ಉಪದೇಶ ಮಾಡುವುದು ನನಗೆ ಇಷ್ಟವಿಲ್ಲ, ಹೊರ ರಾಜ್ಯಕ್ಕೆ ಹೋದವರೆಲ್ಲ ರೈಡರ್‌ಗಳೂ ಅಲ್ಲ. ನಾವು ಬ್ಯಾಂಕಿನವರು ಸಂಬಳಕ್ಕೆ ಹೋದೆವು, ಅವಧಿ ಮುಗಿದ ಮೇಲೆ ಬಂದೆವು. ಆದರೆ ಪರ ಊರಿನ ತಂಡದಲ್ಲಿ ಇದ್ದು, ಅಲ್ಲಿಯ ಮುಖ್ಯ ಆಳು ಬಿದ್ದಾಗ ಅವನನ್ನು ಎಬ್ಬಿಸಿ ನಿಲ್ಲಿಸುವ ಕೆಲಸ ಎಂಥದ್ದು ಅಂತ ಹೊರಗೆ ದುಡಿದವರಿಗೆ ಸ್ವಲ್ಪ ಗೊತ್ತಿರುತ್ತೆ. ಆ ಕೆಲಸಕ್ಕೆ ಆ ಊರಿನವರು "ಮೀವಾಡು" ಅನ್ನುತ್ತಾರೆ, ತವರಿನವರು "ಯಾರು?" ಅನ್ನುತ್ತಾರೆ. ಎರಡರಲ್ಲಿ ನನಗೆ ಮೊದಲನೆಯದೇ ವಾಸಿ ಅನ್ನಿಸಿದೆ. ಅವರು ಕಡೇ ಪಕ್ಷ ನೋಡಿದ್ದರು.

ಸುಕೇಶ್ 2021–22ರ ಆವೃತ್ತಿಯನ್ನೂ ಬೆಂಗಾಲ್‌ಗೇ ಆಡಿದರು. ಅವರ ವೃತ್ತಿಜೀವನಕ್ಕೆ ನಾನು ಕೊಡುವ ತೀರ್ಪು ಇಷ್ಟು: ನಾಯಕನಾಗಿ ಫೈನಲ್ ತನಕ ತಂದ ಶಿಸ್ತಿದೆ, ಅಲ್ಲಿ ಕೈ ಸೋತ ಕೊರತೆಯಿದೆ. ಪಂದ್ಯ ತಿರುಗಿಸುವ ಅಬ್ಬರ ಕಡಿಮೆ, ಬಿದ್ದ ಪಂದ್ಯವನ್ನು ಹಿಡಿದು ನಿಲ್ಲಿಸುವ ತಾಳ್ಮೆ ಹೆಚ್ಚು. ದೊಡ್ಡ ರೈಡರ್‌ಗಳ ಪಟ್ಟಿ ಮಾಡುವವರು ಅವರನ್ನು ಸೇರಿಸದಿದ್ದರೆ ತಪ್ಪಿಲ್ಲ. ತಂಡಗಳು ಹೇಗೆ ಗೆಲ್ಲುತ್ತವೆ ಅಂತ ಬರೆಯುವವರು ಬಿಟ್ಟರೆ ತಪ್ಪು. 2019ರ ಅಹಮದಾಬಾದ್ ಫೈನಲ್‌ನ ದೃಶ್ಯ ಎಲ್ಲಾದರೂ ಸಿಕ್ಕರೆ ನೋಡಿ. ನವೀನ್ ಅವರ 18 ಅಂಕ ತಾನಾಗಿ ಕಣ್ಣಿಗೆ ಬೀಳುತ್ತೆ. ಸುಕೇಶ್ ಅವರ 8 ಅಂಕವನ್ನು ಹುಡುಕಿ ನೋಡಬೇಕು. ಒಂದೊಂದು ದಾಳಿ ಮುಗಿದ ಮೇಲೂ ಬೆಂಗಾಲ್ ಕಡೆಯ ಬೆಂಚಿನಿಂದ ಯಾರು ಎದ್ದು ಒಳಗೆ ಬಂದರು ಅಂತ ಗಮನಿಸಿ, ಆಗ ಲೆಕ್ಕ ತಿಳಿಯುತ್ತೆ.